ಝಳದ ಬೀಸಣಿಗೆ

ಟ್ರಂಕಿನ ತಳದಲ್ಲಿ ಈಚಲ ಗರಿಯ ಹಳೆಯ ಬೀಸಣಿಗೆ ಸಿಕ್ಕಿತು. ಅದರಲ್ಲಿ ಇನ್ನೂ ಸ್ಪಿರಿಟ್ಟಿನ ವಾಸನೆ ಇದೆ ಎಂದರೆ ಮನೆಯವರು ನಗುತ್ತಾರೆ. ನನಗಂತೂ ಬಂತು... ಅಫಜಲಪುರದ ನಮ್ಮ ಓಣಿಯ ಡಾಕ್ಟರಬಾಯಿಯ ವಾಸನೆ.

ನಿಜಾಮರ ಕಾಲ. ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿ ನಮ್ಮೂರ ದವಾಖಾನೆಗೆ ಬಂದಾಗ, ಅವರು ಆರು ಬಿಳಿ ಹೆಣ್ಣಿಲಿಗಳನ್ನೂ ಜೊತೆಗೆ ತಂದಿದ್ದರು. ಊರೆಲ್ಲ ಇಲಿಗೆ ಬೋನು ಇಟ್ಟರೆ ಈ ಪುಣ್ಯಾತಗಿತ್ತಿ ಜೋಳ ಹಾಕಿ ಸಾಕುತ್ತಿದ್ದರು. ಇಲಿ ನೋಡುವ ಆಸೆಗೆ ನಾನು ಅಲ್ಲೇ ಬಿದ್ದಿರುತ್ತಿದ್ದೆ.

ಆ ವರ್ಷ ಸೊಲ್ಲಾಪುರದಲ್ಲಿ ಕಾಕಾನ ಹೆಂಡತಿಯಾದ ನಮ್ಮ ಚಿಗವ್ವನ ಎರಡೂ ಅಂಡಾಶಯಗಳನ್ನು ಗಡ್ಡೆಯಾಗಿದೆಯೆಂದು ತೆಗೆದರು. ಜೀವ ಉಳಿಯಿತು, ನೆಮ್ಮದಿ ಹೋಯಿತು. ಇದ್ದಕ್ಕಿದ್ದಂತೆ ಮೈ ಕಾದು ಬೆವರು ಸುರಿಯುವುದು, ಚಳಿಯಲ್ಲೂ ಕೌದಿ ಕಿತ್ತೊಗೆಯುವುದು, ಸುಮ್ಮಸುಮ್ಮನೆ ಅಳು. ಇದು ದೆವ್ವವೇ ಎಂದು ಅಜ್ಜಿ ದೆವ್ವ ಬಿಡಿಸುವ ಗಾಣಗಾಪುರದ ಗುಡಿಗೆ ಹೋಗಲು ದಿನ ಗೊತ್ತುಮಾಡಿದಳು. ದೆವ್ವ ಹಿಡಿದವಳೆಂಬ ಹೆಸರು ಒಮ್ಮೆ ಅಂಟಿದರೆ ತನ್ನ ಕೂಸನ್ನೂ ಎತ್ತಿಕೊಳ್ಳಗೊಡುವುದಿಲ್ಲವೆಂದು ಚಿಗವ್ವನಿಗೆ ಗೊತ್ತಿತ್ತು.

ಅವಳು ಡಾಕ್ಟರಬಾಯಿಯ ಮುಂದೆ ಹೋಗಿ ಅತ್ತಳು. ಅವರು ಎರಡು ಇಲಿಗಳನ್ನು ತೋರಿಸಿ, ಇವಕ್ಕೂ ಅಂಡಾಶಯ ತೆಗೆದಿದೆ ಎಂದರು. ಮಿದುಳಿನ ಬುಡದ ಪಿಟ್ಯುಟರಿ ಎಂಬ ಗ್ರಂಥಿ ರಸ ಕಳಿಸಿ ಅಂಡಾಶಯವನ್ನು ಎಬ್ಬಿಸುತ್ತದೆ, ಅಂಡಾಶಯ ತನ್ನ ರಸ ಕಳಿಸಿ ಅದನ್ನು ಸುಮ್ಮನಾಗಿಸುತ್ತದೆ ಎಂದು ಬಿಡಿಸಿ ಹೇಳಿದರು.

“ತಂಗಿ, ತೆಳಗಿಂದ ಜವಾಬ್ ಬರೂದು ನಿಂತದ. ಅದಕ್ಕ ಮ್ಯಾಲಿಂದು ಒಂದೇ ಸವನ ಕೂಗಾಕತ್ತದ. ನಿನ್ನ ಝಳಕ್ಕ ಇದೇ ಕಾರಣ ಅಂತ ನನಗೂ ಪಕ್ಕಾ ಗೊತ್ತಿಲ್ಲ. ದೆವ್ವಂತೂ ಅಲ್ಲ.”

ಅದಕ್ಕೆ ಕೊಡುವ ಔಷಧ ಅವರಲ್ಲಿ ಇರಲಿಲ್ಲ. ಗಾಣಗಾಪುರಕ್ಕೆ ಹೊರಟ ದಿನ ಬೀಸಣಿಗೆ ಹಿಡಿದು ನಮ್ಮ ಜೊತೆ ಬಂಡಿ ಹತ್ತಿದರು.

ಗಾಣಗಾಪುರದ ಮಧ್ಯಾಹ್ನದ ಮಂಗಳಾರತಿಯಲ್ಲಿ ದೆವ್ವ ಹಿಡಿದವರೆಂದು ಕರೆತಂದವರು ಕಿರುಚುತ್ತ ಕಂಬ ಹತ್ತತೊಡಗಿದರು. ಚಿಗವ್ವನಿಗೂ ಆಗಲೇ ಝಳ ಬರಬೇಕೆ... ಮುಖ ಕೆಂಪಾಯಿತು, ಕುಬಸ ತೊಯ್ದಿತು. ಅಜ್ಜಿ ಅವಳನ್ನು ಮುಂದಕ್ಕೆ ನೂಕಿದಳು. ಡಾಕ್ಟರಬಾಯಿ ವಾದಕ್ಕೆ ಇಳಿಯಲಿಲ್ಲ. ಅವಳ ಪಕ್ಕದಲ್ಲಿ ನಿಂತು ಗಾಳಿ ಬೀಸಿದರು.

“ಅತ್ತಿ, ನನಗ ಝಳ ಆಗ್ಯಾದ್ರಿ, ಅಷ್ಟ. ನನ್ನಂಗ ಕೊಯ್ಸಿಕೊಂಡ ಇಲಿಗಿ ದೆವ್ವ ಹಿಡಿತದೇನ್ರಿ?” ಎಂದಳು ಚಿಗವ್ವ.

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಡಾಕ್ಟರಬಾಯಿಯ ಕೈಯಿಂದ ಬೀಸಣಿಗೆ ಕಸಿದುಕೊಂಡು ತಾನೇ ಬೀಸತೊಡಗಿದಳು. ಬಂಡಿಯಲ್ಲಿ ಊರು ಮುಟ್ಟುವವರೆಗೂ ಗೊಣಗಿದಳು, ಬೀಸುವುದನ್ನು ಬಿಡಲಿಲ್ಲ. ಬೀಸಣಿಗೆ ವಾಪಸು ಕೊಡಲೂ ಇಲ್ಲ.

ರಜಾಕಾರರ ಗದ್ದಲದಲ್ಲಿ ಡಾಕ್ಟರಬಾಯಿ ಊರು ಬಿಟ್ಟರು. ಎಲ್ಲಿಗೆ ಹೋದರೋ... ಹುಡುಕಬೇಕೆಂದು ನಮಗೂ ಹೊಳೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಟ್ಟು ನಿಂತು ನನಗೂ ಈಗ ಝಳ ಶುರುವಾಗಿದೆ. ಸೊಸೆ ಫ್ಯಾನು ಹಾಕಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ದೆವ್ವವೆಂದು ಯಾರೂ ಅನ್ನುವುದಿಲ್ಲ. ಬೀಸಣಿಗೆ ಕೈಯಲ್ಲಿದೆ. ಪಕ್ಕದಲ್ಲಿ ನಿಂತು ಬೀಸುತ್ತ, ನನಗೂ ಪಕ್ಕಾ ಗೊತ್ತಿಲ್ಲ ತಂಗಿ ಎನ್ನುವವರು ಇಲ್ಲ.