ಗುಂಡವ್ವ ಮತ್ತು ರೊಟ್ಟಿಯ ಸಪ್ಪಳ

ನಮ್ಮ ಗಲ್ಲಿಯಲ್ಲಿ ಹನ್ನೊಂದು ಮನೆಗಳಿವೆ, ಹನ್ನೊಂದರಲ್ಲಿಯೂ ಜೋಳದ ರೊಟ್ಟಿ ಬಡಿಯುತ್ತಾರೆ, ಆದರೆ ಯಾವ ಎರಡು ಮನೆಗಳ ಸಪ್ಪಳವೂ ಒಂದೇ ತೆರನಾಗಿಲ್ಲ ಎಂಬ ಮಹತ್ವದ ಸಂಶೋಧನೆಯನ್ನು ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಮಾಡಿದ್ದೇನೆ. ನಗಬೇಡಿ. ಇದಕ್ಕಿಂತ ಕ್ಷುಲ್ಲಕ ವಿಷಯಗಳಲ್ಲಿ ಪಾಂಡಿತ್ಯ ಸಂಪಾದಿಸಿ ಶಾಲು ಹೊದೆಸಿಕೊಂಡವರನ್ನು ನಾನು ಬಲ್ಲೆ. ಪೇಪರ್ ಮಿಲ್ಲಿನ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ದಾಂಡೇಲಿಗೆ ಬಂದು ನೆಲೆಸಿದ ಈ ಮನೆತನಗಳು ಕಾಡಿನ ಊರಿನಲ್ಲಿದ್ದುಕೊಂಡೂ ರೊಟ್ಟಿ ಬಡಿಯುವ ಕೈಯನ್ನು ಮಾತ್ರ ಬಯಲುಸೀಮೆಯಿಂದಲೇ ಹೊತ್ತು ತಂದಿವೆ. ಮೂಲೆಮನೆಯ ನೀಲವ್ವನದು ದ್ರುತಗತಿ, ಎದುರುಮನೆಯವರದು ವಿಲಂಬಿತ, ನನ್ನ ಹೆಂಡತಿ ಶೋಭಾಳದು ಮೂರು ಏಟು, ಒಂದು ವಿರಾಮ, ಮತ್ತೆ ಮೂರು ಏಟು. ಇಪ್ಪತ್ತಾರು ವರ್ಷ ಆ ರೊಟ್ಟಿಯನ್ನು ಉಂಡರೂ ನನಗೆ ಈ ತಾಳಜ್ಞಾನ ಇರಲಿಲ್ಲ. ಅದನ್ನು ಕಲಿಸಿದವಳು ಗುಂಡವ್ವ ಎಂಬ ನಾಯಿ.

ಗುಂಡವ್ವ ನಮ್ಮ ಮನೆಗೆ ಬಂದದ್ದು ಎಂಟು ದಿನದ ಮಟ್ಟಿಗೆ. ಕುಳಗಿ ರಸ್ತೆಯಲ್ಲಿ ಯಾವುದೋ ವಾಹನ ಹಾಯ್ದು ಹಿಂಗಾಲು ಊನವಾಗಿ ಬಿದ್ದಿದ್ದ ಅವಳನ್ನು ಯಾರೋ ಪುಣ್ಯಾತ್ಮರು ಪಶು ದವಾಖಾನೆಗೆ ಮುಟ್ಟಿಸಿದ್ದರು. ಅಲ್ಲಿಯ ಡಾಕ್ಟರ್ ಮೇಡಂ ನನ್ನ ಹಳೆಯ ವಿದ್ಯಾರ್ಥಿನಿ. "ಎಂಟ ದಿನದ ಮಾತ್ರೀ ಸರ, ಅಷ್ಟರಾಗ ಆಕಿಗೊಂದು ಛಲೊ ಮನಿ ಹುಡುಕ್ತೇನಿ" ಎಂದು ಅವರು ಹೇಳಿದಾಗ ನಾನು ಹೈಸ್ಕೂಲಿನ ಕನ್ನಡ ಮಾಸ್ತರನಿಗೆ ಸಹಜವಾದ ಔದಾರ್ಯದಿಂದ ಒಪ್ಪಿಬಿಟ್ಟೆ. ಎಂಟು ದಿನ ಐದು ತಿಂಗಳಾಯಿತು. ಅಷ್ಟರಲ್ಲಿ ಎಲುಬಿನ ಹಂದರವಾಗಿದ್ದವಳು ದುಂಡಗಾದಳು, ಕುಂಟುವುದನ್ನು ಮರೆತಳು, ನನ್ನ ಬಲಗಾಲಿನ ಚಪ್ಪಲಿಯ ಅಂಚನ್ನು ಕಡಿದು ನುಣ್ಣಗೆ ಮಾಡಿ ಅದನ್ನೇ ತಲೆದಿಂಬಾಗಿಸಿಕೊಂಡು ಮಂಚದ ಕೆಳಗೆ ಮಲಗತೊಡಗಿದಳು.

ಮೊದಲಿಗೆ ನಾನು ಅವಳಿಗೆ ಇಟ್ಟ ಹೆಸರು ಸುಲೋಚನಾ. ಆ ಕಣ್ಣುಗಳನ್ನು ನೀವು ನೋಡಿದ್ದರೆ ನೀವೂ ಅದನ್ನೇ ಇಡುತ್ತಿದ್ದಿರಿ. ಆದರೆ ಪಂಡಿತನಾದವನು ಹೆಸರಿಡುವ ಮುನ್ನ ನೆರೆಹೊರೆಯನ್ನು ವಿಚಾರಿಸಬೇಕು. ಮೂರನೆಯ ದಿನ ನಾನು ಅಂಗಳದಲ್ಲಿ ನಿಂತು, "ಸುಲೋಚನಾ, ನಾಚಿಕೆಯಾಗುವುದಿಲ್ಲವೆ, ನನ್ನ ಚಪ್ಪಲಿ ಕಚ್ಚಬೇಡ!" ಎಂದು ಗರ್ಜಿಸಿದೆ. ಮಹಡಿಯ ಮೇಲಿಂದ ಮನೆಯ ಮಾಲಕಿ ಇಣುಕಿ, "ಯಾಕ್ರೀ ಸರ, ನಾ ಯಾವಾಗ ನಿಮ್ಮ ಚಪ್ಪಲಿ ಕಚ್ಚೇನ್ರಿ?" ಎಂದರು. ಬಾಡಿಗೆ ಕರಾರಿನಲ್ಲಿ ಅವರ ಸಹಿ 'ಸುಲೋಚನಾಬಾಯಿ' ಎಂದಿರುವುದು ನನಗೆ ಆ ಕ್ಷಣದಲ್ಲಿ ನೆನಪಾಯಿತು. ಅವರು ದೊಡ್ಡ ಮನಸ್ಸಿನವರು, ನಕ್ಕುಬಿಟ್ಟರು. ಆದರೆ "ನಾಯಿ ಒಂದ ಅಂದ್ರ ಒಂದ, ಎರಡನೇದು ತಂದ್ರ ನೀವೂ ಆಕೀನೂ ಕೂಡೇ ಹೊರಗ" ಎಂಬ ಷರತ್ತನ್ನು ಅಂದೇ ವಿಧಿಸಿದರು. ಶೋಭಾ ಸುಲೋಚನೆಯನ್ನು ಕಿತ್ತುಹಾಕಿ ಗುಂಡವ್ವ ಎಂದು ನಾಮಾಂತರ ಮಾಡಿದಳು.

ಅಸಲು ಸಂಗತಿ ಏನೆಂದರೆ, ಯಾವ ಹೆಸರಿಗೂ ಅವಳು ಓಗೊಡುತ್ತಿರಲಿಲ್ಲ. ಗಲ್ಲಿಯ ತುದಿಯಲ್ಲಿ ಅಲೆಯುತ್ತಿರುವವಳನ್ನು ನಾನು ಗಂಟಲು ಹರಿಯುವಂತೆ ಕರೆದರೂ ಬಾಲವನ್ನು ಸಹ ತಿರುಗಿಸುತ್ತಿರಲಿಲ್ಲ. ಆದರೆ ಶೋಭಾ ಹಿಟ್ಟು ನಾದಿ, ಕಲ್ಲಿನ ಮುಂದೆ ಕೂತು, ಟಪ ಟಪ ಟಪ್ ಎಂದು ಮೊದಲ ರೊಟ್ಟಿ ಬಡಿದದ್ದೇ ತಡ, ಎಲ್ಲಿದ್ದರೂ ಕಿವಿ ನಿಮಿರಿಸಿ ಧೂಳೆಬ್ಬಿಸುತ್ತ ಓಡಿಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು. ನೀಲವ್ವ ಬಡಿದರೆ ಇಲ್ಲ, ಎದುರುಮನೆಯವರು ಬಡಿದರೆ ಇಲ್ಲ. ಕೊನೆಗೆ ಉಳಿದ ಹಿಟ್ಟಿನ ಉಂಡೆಯಲ್ಲಿ ಶೋಭಾ ಅಂಗೈಯಗಲದ ಒಂದು ಪುಟ್ಟ ರೊಟ್ಟಿ ಮಾಡಿ, ಹಂಚಿನಿಂದ ತೆಗೆದು, ಆರಲಿಕ್ಕೆ ಬಿಟ್ಟು, ಆಮೇಲೆ ಹೊಸ್ತಿಲಿಗೆ ಇಡುವಳು. ಅದು ಆರುವ ತನಕ ಗುಂಡವ್ವ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ ಗಾಂಭೀರ್ಯವನ್ನು ನನ್ನ ಹತ್ತನೆಯ ತರಗತಿಯವರು ಒಂದು ದಿನ ಬಂದು ನೋಡಿ ಕಲಿಯಬೇಕಿತ್ತು.

ಹೀಗೆ ಸುಖವಾಗಿದ್ದಾಗ ಡಾಕ್ಟರ್ ಮೇಡಂ ಬಂದರು. ಕಾಲು ವಾಸಿಯಾಗಿದೆ, ಸೂಜಿಗಳೆಲ್ಲ ಮುಗಿದಿವೆ, ಇನ್ನು ಖಾಯಂ ಮನೆಗೆ ಕೊಡಬಹುದು ಎಂದರು. ಬರೀ ಅಷ್ಟೇ ಆಗಿದ್ದರೆ ನಾನು ಚಹಾ ಕೊಟ್ಟು ಸಾಗಹಾಕುತ್ತಿದ್ದೆ. "ದವಾಖಾನಿ ಪಂಜರದಾಗ ಒಂದ್ ಮರಿ ಐತ್ರಿ ಸರ, ಮುಂಗಾಲು ಮುರದೈತಿ, ಯಾರೂ ತಗೊಳ್ಳವಲ್ಲರು. ನಿಮ್ಮಲ್ಲಿ ಜಾಗಾ ಆದ್ರ ಅದು ಬದಕ್ತೈತಿ" ಎಂದು ಸೇರಿಸಿದರು. ಗುಂಡವ್ವ ಹೋದರೆ ಆ ಮರಿಗೆ ಜಾಗ, ಹೋಗದಿದ್ದರೆ ಇಲ್ಲ. ಮಹಡಿಯ ಮೇಲೆ ಸುಲೋಚನಾಬಾಯಿಯವರ ಷರತ್ತು ಅಚಲವಾಗಿತ್ತು.

ನಾನು ಮಾಸ್ತರನಲ್ಲವೆ? ಪರೀಕ್ಷೆ ಏರ್ಪಡಿಸಿದೆ. ಗುಂಡವ್ವನನ್ನು ಬಯಸಿ ಬಂದವರಿಗೆ ಮೌಖಿಕ ಪ್ರಶ್ನೆಗಳು. ಜೋಯಿಡಾ ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರು ಬಂದು, ಪ್ರವಾಸಿಗರ ಜೊತೆ ಫೋಟೊಗೆ ಶಾಂತವಾಗಿ ನಿಲ್ಲುತ್ತದೆಯೇ ಎಂದು ಕೇಳಿದರು. ನಪಾಸು. ಅಂಬಿಕಾನಗರದ ಕ್ವಾರ್ಟರ್ಸಿನಿಂದ ಬಂದವರು ಬೊಗಳುತ್ತದೆಯೇ ಎಂದು ಕೇಳಿದರು. ಗುಂಡವ್ವ ಉತ್ತರವಾಗಿ ಅವರ ಬೂಟನ್ನು ನೆಕ್ಕಿದಳು. ಅವರೇ ಅವಳನ್ನು ನಪಾಸು ಮಾಡಿ ಹೋದರು, ನಾನು ಎರಡು ದಿನ ಅವಮಾನದಿಂದ ಕುದಿದೆ. ಮುಂಡಗೋಡದ ದಂಪತಿಗಳು ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಟ್ಟರು. ಆದರೆ ಬರುವಾಗಲೇ ಚೀಲದಲ್ಲಿ ಸರಪಳಿ ತಂದಿದ್ದರು ಎಂಬ ಕಾರಣಕ್ಕೆ ಅವರನ್ನೂ ಕಳಿಸಿದೆ. ಆ ಸಂಜೆ ಶೋಭಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೀವು ಹಿಂಗ ಪರೀಕ್ಷಾ ಮಾಡಿದ್ರ ನಿಮ್ಮ ಸಾಲ್ಯಾಗ ಒಬ್ಬನೂ ಪಾಸ್ ಆಗಂಗಿಲ್ಲ. ಖರೇ ಹೇಳ್ರಿ, ಆಕೀನ್ನ ಕೊಡೂ ಮನಸ್ಸು ಐತೋ ಇಲ್ಲೋ?"

ಇರಲಿಲ್ಲ. ಖಂಡಿತವಾಗಿ ಇರಲಿಲ್ಲ. ಆದರೆ ಪಂಜರದಲ್ಲಿದ್ದ ಮರಿಯನ್ನು ನಾನು ಹಿಂದಿನ ದಿನ ಗುಟ್ಟಾಗಿ ಹೋಗಿ ನೋಡಿ ಬಂದಿದ್ದೆ. ಅದು ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಹಾಗಾಗಿ, "ಇನ್ನೊಬ್ಬರು ಬರಲಿ, ನ್ಯಾಯವಾಗಿ ನೋಡುತ್ತೇನೆ" ಎಂದೆ.

ಬಂದವರು ಹಳಿಯಾಳದ ಕಸ್ತೂರಿಯಕ್ಕ ಮತ್ತು ಅವರ ಯಜಮಾನರು ಶಿವಪ್ಪ. ಆಕೆಗೆ ಪೇಟೆಯಲ್ಲಿ ಬಳೆ ಅಂಗಡಿ, ಶಿವಪ್ಪನವರಿಗೆ ಒಂದು ಟೆಂಪೊ. ಹದಿನಾಲ್ಕು ವರ್ಷ ಬಾಳಿದ ಅವರ ನಾಯಿ ಹೋದ ವರ್ಷ ಮುಪ್ಪಿನಿಂದ ತೀರಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದವರನ್ನು ನಾನು ಕಠಿಣವಾದ ಪ್ರಶ್ನೆಯಿಂದಲೇ ಎದುರುಗೊಂಡೆ: ನಾಯಿಯನ್ನು ಎಲ್ಲಿ ಮಲಗಿಸುವಿರಿ?

"ಅದಕ್ಕ ಎಲ್ಲಿ ಬೇಕೋ ಅಲ್ಲೇ ರೀ" ಎಂದರು ಕಸ್ತೂರಿಯಕ್ಕ. "ಹ್ವಾದ ನಾಯಿ ಇವರ ಗಾದಿ ಮ್ಯಾಲ ಮಲಗತಿತ್ತು, ಇವರು ಕೆಳಗ ಚಾಪಿ ಮ್ಯಾಲ." ಶಿವಪ್ಪನವರು ಅಭಿಮಾನದಿಂದ ತಲೆಯಾಡಿಸಿದರು.

ನೂರಕ್ಕೆ ನೂರು! ಇನ್ನು ಉಳಿದದ್ದು ಕಾಲಹರಣವೊಂದೇ. ಚಹಾ ಕುಡಿಸಿದೆ. ಅವಲಕ್ಕಿ ತಿನ್ನಿಸಿದೆ. ಅವಲಕ್ಕಿಯ ಮೇಲೆ ಚಹಾ ಕುಡಿಯದಿದ್ದರೆ ಹೇಗೆ ಎಂದು ಮತ್ತೆ ಚಹಾ ಕುಡಿಸಿದೆ. ಅವರು ಎದ್ದಾಗ, ಮೂವತ್ತು ವರ್ಷ ಮೂಢನಂಬಿಕೆಯ ವಿರುದ್ಧ ಪಾಠ ಹೇಳಿದ ನಾನು ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದು, ಇವತ್ತು ಅಮಾವಾಸ್ಯೆ ಇದೆಯಲ್ಲ, ಎಂಟು ದಿನ ಬಿಟ್ಟು ಬಂದರೆ ಹೇಗೆ ಎಂದೆ. ಶೋಭಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾವು ಶರಣರ ಒಕ್ಕಲ ರೀ ಸರ" ಎಂದರು ಕಸ್ತೂರಿಯಕ್ಕ, "ಅಮಾಸಿ ಹುಣ್ಣಿವಿ ಎಲ್ಲಾ ಶಿವನ ದಿನಾನ." ವಿಚಾರವಾದಿಯೊಬ್ಬ ಇಷ್ಟು ಸಲೀಸಾಗಿ ಸೋತದ್ದು ಇತಿಹಾಸದಲ್ಲಿ ಕಡಿಮೆ.

ಆದರೆ ಗುಂಡವ್ವ ನನ್ನ ಮಾನ ಕಾಪಾಡಿದಳು. ವಿಷಯ ತಿಳಿದವಳಂತೆ ಮಂಚದ ಕೆಳಗೆ ನುಗ್ಗಿ, ಚಪ್ಪಲಿಯನ್ನು ಬಾಯಲ್ಲಿ ಕಚ್ಚಿ ಹಿಡಿದು, ಹೊರಗೆ ಬರುವುದಿಲ್ಲವೆಂದು ಕೂತಳು. ಶಿವಪ್ಪನವರು ಮೊಣಕಾಲೂರಿ ಕರೆದರು, ಶೋಭಾ ಬಿಸ್ಕತ್ತು ತೋರಿಸಿದಳು, ಊಹೂಂ. ನನಗೆ ಆದ ಆನಂದವನ್ನು ಏನೆಂದು ವರ್ಣಿಸಲಿ! ಮುಖದಲ್ಲಿ ವಿಷಾದ ತಂದುಕೊಂಡು, ಪ್ರಾಣಿಗಳ ಅನುರಾಗದ ಬಗ್ಗೆ, ಅನ್ಯೋನ್ಯತೆಯ ಬಗ್ಗೆ, ಬಲವಂತ ಮಾಡಬಾರದೆಂಬ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಮಧ್ಯಾಹ್ನವಾಗಿತ್ತು. ಊಟ ಮಾಡಿಕೊಂಡೇ ಹೋಗಿರೆಂದು ಶೋಭಾ ಒಳಗೆ ಹೋದಳು, ಕಸ್ತೂರಿಯಕ್ಕ ಅವಳ ಹಿಂದೆಯೇ ಹೋದರು. "ನೀವು ಪಲ್ಯಾ ನೋಡ್ರಿ ಅಕ್ಕಾರ, ನಾ ಬಡೀತೇನಿ" ಎಂದದ್ದು ಕೇಳಿಸಿತು.

ಆಮೇಲೆ ಸಪ್ಪಳ ಶುರುವಾಯಿತು. ಶೋಭಾಳ ಸಪ್ಪಳವಲ್ಲ, ಎರಡು ಏಟು ನಿಧಾನ, ನಾಲ್ಕು ಏಟು ಜೋರು. ಮಂಚದ ಕೆಳಗೆ ಬಗ್ಗಿ ನೋಡಿದೆ. ಒಂದು ಕಿವಿ ಎದ್ದಿತ್ತು. ಎಲಾ ಇವಳ! ನೋಡುತ್ತಿದ್ದಂತೆ ಎರಡನೆಯ ಕಿವಿಯೂ ಎದ್ದಿತು. ಚಪ್ಪಲಿ ಬಾಯಿಂದ ಜಾರಿತು. ನನ್ನ ಉಪನ್ಯಾಸದ ಅನುರಾಗ, ಅನ್ಯೋನ್ಯತೆ ಎಲ್ಲವನ್ನೂ ದಾಟಿಕೊಂಡು ಗುಂಡವ್ವ ನಡೆದುಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ನಾನು ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತೆ. ಹೊಟ್ಟೆಕಿಚ್ಚಿನಿಂದ ಎಂದು ಬೇರೆ ಹೇಳಬೇಕಿಲ್ಲ. ಕಸ್ತೂರಿಯಕ್ಕ ಎಂಟು ರೊಟ್ಟಿ ಬಡಿದು, ಕೊನೆಗುಳಿದ ಹಿಟ್ಟನ್ನು ಬೆರಳಿನಿಂದ ಬಳಿದು, ಅಂಗೈಯಗಲದ ಒಂದು ಪುಟ್ಟ ರೊಟ್ಟಿ ಮಾಡಿದರು. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗುಂಡವ್ವ ಮೂಗು ಚಾಚಿದಳು. "ತಡೀ ನನ್ನವ್ವಾ, ಬಿಸಿ ಐತಿ, ನಾಲಿಗಿ ಸುಡತೈತಿ" ಎನ್ನುತ್ತ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಉಫ್ ಉಫ್ ಎಂದು ಊದತೊಡಗಿದರು.

ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಇನ್ನೊಂದು ಪ್ರಶ್ನೆ ಕೇಳುವ ಮುಖ ನನಗೆ ಉಳಿದಿರಲಿಲ್ಲ.

ಹೊರಡುವಾಗ ಶೋಭಾ ಕಸ್ತೂರಿಯಕ್ಕನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಆಮೇಲೆ ಏನು ತೋಚಿತೋ, ಗುಂಡವ್ವನ ಹಣೆಗೂ ಒಂದು ಚಿಟಿಕೆ ಕುಂಕುಮ ಹಚ್ಚಿದಳು. ಗುಂಡವ್ವ ಅದನ್ನು ನೆಕ್ಕಲು ನಾಲಿಗೆಯನ್ನು ಎಷ್ಟು ಮೇಲೆ ಚಾಚಿದರೂ ನಿಲುಕದೆ ಗಿರಗಿರನೆ ಸುತ್ತಿದ್ದನ್ನು ಕಂಡು ನಾವು ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಹಡಿಯಿಂದ ಸುಲೋಚನಾಬಾಯಿಯವರೂ ನಕ್ಕರು. ತವರಿನ ಬಳುವಳಿಯೆಂದು ಬಲಗಾಲಿನ ಚಪ್ಪಲಿಯನ್ನು ಶೋಭಾ ಚೀಲದಲ್ಲಿ ಹಾಕಿಕೊಟ್ಟಳು. ನಾನು ಹಿಂದಿನ ರಾತ್ರಿಯಿಡೀ ಕೂತು ದುಂಡು ಅಕ್ಷರದಲ್ಲಿ ಬರೆದಿದ್ದ 'ಗುಂಡವ್ವನ ಪಾಲನಾ ವಿಧಿ' ಎಂಬ ನಾಲ್ಕು ಪುಟದ ಗ್ರಂಥವನ್ನು ಒಪ್ಪಿಸಿದೆ. ಆಹಾರ, ವಿಹಾರ, ನಿದ್ರೆ, ಮಿಲ್ಲಿನ ಭೋಂಗಾ ಕೂಗಿದಾಗ ಅವಳು ಹಾಡುವ ಕ್ರಮ, ಎಲ್ಲವೂ ಅದರಲ್ಲಿತ್ತು. ಕಸ್ತೂರಿಯಕ್ಕ ಭಕ್ತಿಯಿಂದ ತೆಗೆದುಕೊಂಡು, ದಾರಿಗೆಂದು ಉಳಿಸಿದ್ದ ಅರ್ಧ ರೊಟ್ಟಿಯನ್ನು ಅದರಲ್ಲಿ ಸುತ್ತಿದರು. ನನ್ನ ಗದ್ಯ ಯಾರಿಗಾದರೂ ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ರೊಟ್ಟಿಯ ಹಿಂದೆಯೇ ಗುಂಡವ್ವ ಟೆಂಪೊ ಹತ್ತಿದಳು. ಕಿಟಕಿಯಲ್ಲಿ ಮುಖ ಕಾಣಿಸಿತು, ಹಣೆಯ ಮೇಲೆ ಕುಂಕುಮ ಹಾಗೇ ಇತ್ತು. ಗಲ್ಲಿಯ ತಿರುವು ದಾಟುವ ತನಕ ನಾನು ನಗುತ್ತಲೇ ಕೈ ಬೀಸಿದೆ. ಆಮೇಲೆ ಅಳು ಬಂತು, ಮುಚ್ಚಿಡುವುದೇನು, ಚೆನ್ನಾಗಿಯೇ ಅತ್ತೆ. ನೀಲವ್ವ ಬಾಗಿಲಿಗೆ ಬಂದು, "ಮಗಳ ಮದವಿ ಮಾಡಿಕೊಟ್ಟಾಗೂ ಸರ ಇಷ್ಟು ಅತ್ತಿರಲಿಲ್ಲ" ಎಂದು ಶೋಭಾಳಿಗೆ ಹೇಳಿದ್ದು ಕೇಳಿಸಿತು. ಅದು ನಿಜ. ಮಗಳು ದಿನಾ ಫೋನು ಮಾಡುತ್ತಾಳೆ.

ಮರುದಿನ ನಾನು ಶಾಲೆಗೆ ರಜೆ ಹಾಕಿದೆ, ಮರಿ ಬಂತು. ಮುಂಗಾಲಿಗೆ ಬಿಳಿಯ ಪಟ್ಟಿ, ಮುಖ ಗೋಡೆಯ ಕಡೆಗೆ. ಹಾಲು ಇಟ್ಟರೆ ಯಾರೂ ನೋಡದಾಗ ಕುಡಿಯುತ್ತಿತ್ತು, ಹೆಸರಿಗಾಗಲಿ ಸಪ್ಪಳಕ್ಕಾಗಲಿ ತಿರುಗುತ್ತಿರಲಿಲ್ಲ. ಅದೇ ದಿನ ಹನ್ನೊಂದು ಗಂಟೆಗೆ ಹಳಿಯಾಳದಿಂದ ಫೋನು. ಕಸ್ತೂರಿಯಕ್ಕನ ದನಿ ಇಳಿದಿತ್ತು.

"ಸರ, ಗುಂಡವ್ವ ನಿನ್ನಿಯಿಂದ ಬಾಯಿಗೆ ಏನೂ ಹಚ್ಚಿಲ್ಲರಿ. ಬಾಗಲಾ ಕಾದಕೊಂತ ಕುಂತಾಳ. ಅಕ್ಕಾರು ರೊಟ್ಟಿ ಬಡಿಯೂ ಸಪ್ಪಳ ಒಂದೀಟು ಕೇಳಸ್ತೀರೇನ್ರಿ?"

ನಾನು ಅಡುಗೆಮನೆಗೆ ಹಾರಿದೆ. ಶೋಭಾ ಬಡಿದಳು, ನಾನು ಫೋನನ್ನು ಕಲ್ಲಿನ ಪಕ್ಕದಲ್ಲಿ ಹಿಡಿದೆ. ಮೂರು ಏಟು, ವಿರಾಮ, ಮೂರು ಏಟು. ಆ ಕಡೆ ಮೊದಲು ಏನೂ ಇಲ್ಲ. ಆಮೇಲೆ ಉಗುರುಗಳು ನೆಲದ ಮೇಲೆ ಟಕಟಕನೆ ಓಡಿದ ಸದ್ದು. "ಉಂಡ್ಲರೀ ಸರ, ಉಂಡ್ಲು!" ಎಂದು ಶಿವಪ್ಪನವರು ಹಿಂದಿನಿಂದ ಕೂಗಿದರು. ನಾನು ಹಿಟ್ಟಿನ ಕೈಯ ಹೆಂಡತಿಯನ್ನು ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಐವತ್ತೆರಡರ ಮಂಡಿ ಇದಕ್ಕೆ ಮೂರು ದಿನ ತಕರಾರು ಹೇಳಿತು.

ಎರಡನೆಯ ದಿನವೂ ಹನ್ನೊಂದಕ್ಕೆ ಫೋನು, ಮೂರನೆಯ, ನಾಲ್ಕನೆಯ ದಿನವೂ. ನಾನು ಎಷ್ಟು ಬೀಗಿದೆನೆಂದರೆ, ಬಿಡುವಿನ ವೇಳೆಯಲ್ಲಿ ಶಾಲೆಯಿಂದ ಸೈಕಲ್ಲಿನಲ್ಲಿ ಮನೆಗೆ ಓಡಿಬಂದು ಫೋನು ಹಿಡಿಯುತ್ತಿದ್ದೆ. ಐದನೆಯ ದಿನ ಹನ್ನೊಂದಾಯಿತು, ಹನ್ನೊಂದೂ ಕಾಲಾಯಿತು, ಫೋನು ಬರಲಿಲ್ಲ. ತಡೆಯಲಾರದೆ ನಾನೇ ಮಾಡಿದೆ. ಏನಾಯಿತು, ಹುಷಾರಿದ್ದಾಳೆಯೇ, ಇಗೋ ಶೋಭಾ ಬಡಿಯುತ್ತಿದ್ದಾಳೆ, ಕೇಳಿಸಿ ಎಂದೆ.

"ಇನ್ನ ಬ್ಯಾಡ್ರಿ ಸರ" ಎಂದರು ಕಸ್ತೂರಿಯಕ್ಕ. ಹೇಳಲು ಅವರಿಗೆ ಸಂಕೋಚವಿತ್ತು, ಖುಷಿಯೂ ಇತ್ತು. "ಆಕಿ ಈಗ ನಮ್ಮ ಸಪ್ಪಳಕ್ಕ ಬರಾಕ ಹತ್ಯಾಳ."

ಛಲೊ ಆತು, ಭಾಳ ಛಲೊ ಆತು ಎಂದು ನನ್ನ ಬಾಯಿ ಹೇಳಿತು. ನಿಜಕ್ಕೂ ಛಲೊ ಆಗಿತ್ತು. ಎಂಟು ದಿನಕ್ಕೆಂದು ಬಂದವಳಿಗೆ ನಾವು ಮಾಡಬೇಕಾಗಿದ್ದ ಕೆಲಸ ಇಷ್ಟೇ, ಇನ್ನೊಬ್ಬರ ಮನೆಯ ಸಪ್ಪಳ ಅವಳ ಕಿವಿಗೆ ಒಗ್ಗುವ ತನಕ ನಮ್ಮದನ್ನು ನಿಲ್ಲಿಸದೆ ಇರುವುದು. ಅದನ್ನು ಮಾಡಿಯಾಗಿತ್ತು. ಆದರೂ ಕೈ ಇಳಿಯಲೊಲ್ಲದು, ಫೋನನ್ನು ಕಲ್ಲಿನ ಹತ್ತಿರ ಹಿಡಿದೇ ನಿಂತಿದ್ದೆ.

"ಯಾರಿಗ ಹಿಡದೀರಿ?" ಎಂದಳು ಶೋಭಾ, ಬಡಿಯುವುದನ್ನು ನಿಲ್ಲಿಸದೆ. "ಫೋನ್ ಆಗಲೇ ಕಟ್ಟಾಗೇತಿ. ಅಲ್ಲಿ ನೋಡ್ರಿ."

ತಿರುಗಿದೆ. ನಡುಮನೆಯ ಮಂಚದ ಕೆಳಗೆ, ಜೊತೆ ಕಳೆದುಕೊಂಡು ಬಿದ್ದಿದ್ದ ನನ್ನ ಎಡಗಾಲಿನ ಚಪ್ಪಲಿಯ ಮೇಲೆ ಗಲ್ಲವಿಟ್ಟು ಮರಿ ಮಲಗಿತ್ತು. ಮುಖ ನಮ್ಮ ಕಡೆಗಿತ್ತು, ಒಂದು ಕಿವಿ ಎದ್ದಿತ್ತು.