ಸಿಂಗಾಪುರದ ದೊಡ್ಡಿ

ಎಮ್ಮೆ ಕೂಗುತ್ತಿತ್ತು. ಬೇರಿಕೆ ಊರಿನ ದೊಡ್ಡಿಯ ಕಲ್ಲುಗೋಡೆಯಾಚೆಯಿಂದ ಬಾಯಾರಿದ ಕೂಗು. ಮುತ್ತರಾಯಪ್ಪ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದ.

ಹೊಲಕ್ಕೆ ನುಗ್ಗಿದ ದನಗಳನ್ನು ದಂಡ ಕಟ್ಟುವವರೆಗೂ ಕೂಡಿಹಾಕುವ ಆ ದೊಡ್ಡಿಯನ್ನು ಕಾಯುವುದೇ ಅವನ ಕೆಲಸ. ಯಾರ ದನವಾದರೂ ಮೊದಲು ನೀರು, ಆಮೇಲೆ ಹುಲ್ಲು, ಜಗಳ ಅದಾದ ಮೇಲೆ. ಅವನ ಅಪ್ಪ ನಡೆಸಿಕೊಂಡು ಬಂದ ಕ್ರಮ. ಬದುವಿನ ವ್ಯಾಜ್ಯದಲ್ಲಿ ಮಾತು ಬಿಟ್ಟಿದ್ದ ಆವುಲಪ್ಪನ ಎಮ್ಮೆ ಹಿಂದೊಮ್ಮೆ ಇವನದೇ ಹುರುಳಿ ಮೇಯ್ದು ಸಿಕ್ಕಿತು. ಬಿಡಿಸಿಕೊಳ್ಳಲು ಬಂದ ಆವುಲಪ್ಪ ಅದರ ಹೊಟ್ಟೆ ನೋಡಿ, “ನಮ್ಮನೇಲಿ ಇಷ್ಟು ತಿಂದಿರ್ಲಿಲ್ಲ ಕಣ್ಲಾ. ಇನ್ನೂ ಎರಡು ದಿನ ಇಲ್ಲೇ ಇರ್ಲಿ ಬಿಡು” ಎಂದು ನಕ್ಕಿದ್ದ.

ಮಗ ಕದಿರಪ್ಪ ಬ್ರಿಟಿಷರ ಪಟಾಲಂ ಸೇರಿ, ಸಿಂಗಾಪುರ ಬಿದ್ದಾಗ ಜಪಾನಿನವರ ಕೈಗೆ ಸಿಕ್ಕಿ ಎರಡು ವರ್ಷವಾಗಿತ್ತು. ಸೆರೆಯಲ್ಲಿದ್ದಾನೆ ಎಂಬ ಸರ್ಕಾರದ ಒಂದು ಕಾಗದ ಬಿಟ್ಟರೆ ಸುದ್ದಿಯಿಲ್ಲ. ಸೆರೆಯಾಳುಗಳಿಗೆ ಅನ್ನ ನೀರು ಕೊಡಬೇಕೆಂದು ದೇಶದೇಶಗಳ ನಡುವೆ ಕಾಯ್ದೆಯಿದೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದನ್ನು ಮುತ್ತರಾಯಪ್ಪ ಮರುಮಾತಿಲ್ಲದೆ ನಂಬಿದ. ಅವನಿಗೆ ಅದು ಗೊತ್ತಿದ್ದ ಕಾಯ್ದೆಯೇ. ಹೆಂಡತಿ ಪಿಳ್ಳಮ್ಮ ಮುದ್ದೆಯ ಮುಂದೆ ಸುಮ್ಮನೆ ಕೂತಾಗಲೆಲ್ಲ, “ಅವ್ನು ಉಂಡಿರ್ತಾನೆ, ನೀನು ಉಣ್ಣು” ಎನ್ನುವನು. ಅವಳು ಉಣ್ಣುವಳು.

ನೀರು ತಂದು ತೊಟ್ಟಿಗೆ ಸುರಿಯುವಾಗ ವೆಂಕಟಸ್ವಾಮಿ ಮೇಷ್ಟ್ರು ಅಂಚೆಮನೆಯಿಂದ ಒಂದು ಕಾರ್ಡು ಹಿಡಿದು ಬಂದರು. ಸೆರೆಯಾಳಿಗೆ ಬರೆಯುವ ಕಾರ್ಡು. ಇಪ್ಪತ್ತೈದು ಪದ ಮೀರುವಂತಿಲ್ಲ. ಇಬ್ಬರೂ ತೊಟ್ಟಿಯ ಅಂಚಿನಲ್ಲಿ ಕೂತರು.

“ಹೊತ್ಗೆ ಸರ್ಯಾಗಿ ಉಣ್ಣಾಕೆ ಇಕ್ತಾವ್ರಾ ಅಂತ ಕೇಳಿ ಮೇಷ್ಟ್ರೇ.”

“ಹಂಗೆಲ್ಲ ಬರೆದ್ರೆ ದಾರೀಲೇ ಹರಿದಾಕ್ತಾರಪ್ಪ. ಚೆನ್ನಾಗಿದ್ದೀವಿ ಅಂತ ಬರೀಬೇಕು, ಅಷ್ಟೆ.”

“ಅಂಗಾರೆ ಕಾಯ್ದೆ?”

ಮೇಷ್ಟ್ರು ಕನ್ನಡಕ ತೆಗೆದರು. “ಜಪಾನಿನೋರು ಆ ಕಾಯ್ದೆ ಕಾಗದಕ್ಕೆ ರುಜು ಹಾಕಿದ್ರು. ಆಮೇಲೆ ಅವರ ಸರ್ಕಾರ ಅದನ್ನ ಮಂಜೂರು ಮಾಡ್ಲೇ ಇಲ್ಲ. ಸೆರೆಯಾಳುಗಳ ಕೈಲಿ ಕಾಡಲ್ಲಿ ರೈಲುದಾರಿ ಹಾಕಿಸ್ತಾವ್ರಂತೆ, ಅರೆಹೊಟ್ಟೇಲಿ. ಪೇಪರಲ್ಲಿ ಬಂದೈತೆ.”

“ನಾನು ಒಂದು ಕರೂಗೆ ನೀರು ತಪ್ಪಿಸಿದ್ರೆ ತಹಸೀಲ್ದಾರ್ರು ಕೆಲ್ಸ ಕಿತ್ಕೊತಾರೆ. ಅವರ ಮೇಲೆ ತಹಸೀಲ್ದಾರ್ರು ಯಾರು?”

“ಯಾರೂ ಇಲ್ಲಪ್ಪ. ಎಲ್ಲ ದೇಶಾನೂ ಸೇರಿ ಒಂದು ಸಂಘ ಮಾಡ್ಕೊಂಡಿದ್ರು. ದೊಡ್ಡೋರು ಒಬ್ಬೊಬ್ರೇ ಎದ್ದೋದ್ರು. ಇನ್ನು ಗೆದ್ದೋರು ಹೇಳಿದ್ದೇ ಕಾಯ್ದೆ.”

ಆಗಲೇ ಪಿಳ್ಳಮ್ಮ ಬುತ್ತಿ ಹಿಡಿದು ಒಳಗೆ ಬಂದಳು. “ಕಾರ್ಡು ಬಂತಂತಲ್ಲ! ಅಲ್ಲಿ ಉಣ್ಣಾಕೆ ಇಕ್ಕೋ ಕಾಯ್ದೆ ಐತೆ ಅಂತ ಇವ್ರು ದಿನಾ ಹೇಳ್ತಾರೆ. ಓದಿದೋರು, ನೀವೂ ಒಂದ್ಸಲ ಹೇಳ್ಬುಡಿ ಮೇಷ್ಟ್ರೇ.”

ಮೇಷ್ಟ್ರು ಮುತ್ತರಾಯಪ್ಪನ ಮುಖ ನೋಡಿದರು. “ಐತೆ ಕಣಮ್ಮ. ಕಾಯ್ದೆ ಏನೋ ಐತೆ…”

“ಮತ್ಯಾಕೆ ಇಬ್ರೂ ಹಿಂಗೆ ಕುಂತಿದ್ದೀರಿ?”

ಮುತ್ತರಾಯಪ್ಪ ಎದ್ದ. “ಏನಂತ ಬರೀಲಿ, ಹೇಳಯ್ಯಾ” ಎಂದು ಮೇಷ್ಟ್ರು ಕೇಳುತ್ತಿದ್ದಂತೆಯೇ ಇಬ್ಬರ ನಡುವೆ ಹಾದು, ಎಮ್ಮೆ ಒಳಗಿದ್ದರೂ ದೊಡ್ಡಿಯ ಬಾಗಿಲನ್ನು ತೆರೆದೇ ಬಿಟ್ಟು, ಊರಾಚೆಯ ಬಂಡೆಗಳ ಕಡೆ ನಡೆದುಹೋದ.