ಕೃಪಾ ಮಲಗಿರುವ ಊರು

ರಾಮನಗರದಲ್ಲಿ ಬಸ್ಸು ಇಳಿದ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ ರಸ್ತೆ ಬದಿಯಲ್ಲಿ ಕೂತು ವಾಂತಿ ಮಾಡಿದ್ದು. ಗಾಳಿಯ ತುಂಬ ಬೆಂದ ಹುಳದ ವಾಸನೆ. ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಾರೆ, ಆಗ ಒಳಗಿನ ಹುಳವೂ ಬೇಯುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಬೀದರಿನ ನಮ್ಮ ಚರ್ಚಿಗೆ ರೇಷ್ಮೆ ಸೀರೆ ಉಟ್ಟು ಬರುವವರನ್ನು ನೋಡಿ ಹೊಟ್ಟೆ ಉರಿದುಕೊಂಡವಳು ನಾನು! ನನ್ನ ಗಂಡ ಯೇಶಪ್ಪ ಬೆನ್ನು ಸವರುತ್ತ, "ಹೊಳ್ಳಿ ಹೋಗಾಮೇನು?" ಎಂದು ಕೇಳಿದ. ಮತ್ತೆ ಅಷ್ಟು ದೂರ ಬಸ್ಸಿನಲ್ಲಿ ಕೂರುವುದಕ್ಕಿಂತ ಈ ವಾಸನೆಯೇ ವಾಸಿ ಎಂದು ಬಾಯಿ ಒರೆಸಿಕೊಂಡೆ.

ನಾವು ಈ ಊರಿಗೆ ಬಂದದ್ದೇ ನನ್ನ ಕಾಲಿನ ದೆಸೆಯಿಂದ. ಕೂಸಿದ್ದಾಗ ಪೋಲಿಯೊ ಬಂದು ಬಲಗಾಲು ಸೊರಗಿತು. ಹೆಜ್ಜೆಗೊಮ್ಮೆ ಬಗ್ಗಿ, ಬಲಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದರೆ ಮಾತ್ರ ಅದು ಮಡಚಿಕೊಳ್ಳದೆ ನಿಲ್ಲುತ್ತದೆ. ನಮ್ಮೂರಿನಲ್ಲಿ ಇರುವುದು ಹೊಲದ ಕೆಲಸ, ಕುಂಟಿಯನ್ನು ಹೊಲಕ್ಕೆ ಯಾರು ಕರೆಯುತ್ತಾರೆ? ಇಲ್ಲಿ ನೂಲು ಬಿಚ್ಚುವುದು ಕೂತು ಮಾಡುವ ಕೆಲಸ, ಕೈ ಚುರುಕಾಗಿದ್ದರೆ ಸಾಕು ಎಂದು ಯೇಶಪ್ಪನ ಗೆಳೆಯನೊಬ್ಬ ಹೇಳಿದ್ದ. ಆ ಕೈ ಏನಾಗುತ್ತದೆ ಎಂದು ಹೇಳಿರಲಿಲ್ಲ. ಬಿಸಿನೀರಿನಲ್ಲಿ ದಿನವಿಡೀ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಬೆರಳ ಸಂದಿ ಬೆಳ್ಳಗೆ ಒಡೆಯುತ್ತದೆ, ಅಂಗೈ ಸುಲಿಯುತ್ತದೆ. ಉಳಿದ ಹೆಂಗಸರಿಗೆ ಅದು ಕೈನೋವು. ನಾನು ನಡೆಯುವುದೇ ಆ ಅಂಗೈ ಮೇಲೆ.

ಬಾಡಿಗೆಗೆ ಸಿಕ್ಕ ಕೋಣೆ ಚಿಕ್ಕತಾಯಮ್ಮ ಎಂಬುವವರದು. ನಾವು ತಾಯಕ್ಕ ಎನ್ನುತ್ತೇವೆ. ಮಾಗಡಿ ಕಡೆಯ ಒಕ್ಕಲಿಗರು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಮೊದಲ ದಿನ ರಾಗಿಮುದ್ದೆ, ಉಪ್ಸಾರು ಕೊಟ್ಟರು. ಉಪ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಕಲಸಿ ಉಣ್ಣುವುದು. ನಾನು ಮುದ್ದೆಯನ್ನು ನಮ್ಮ ಜೋಳದ ರೊಟ್ಟಿಯ ಹಾಗೆ ಅಗಿದೆ. ಹಲ್ಲಿಗೆಲ್ಲ ಅಂಟಿಕೊಂಡು ಬಾಯಿ ತೆರೆಯಲಾಗಲಿಲ್ಲ. "ಅಗೀಬ್ಯಾಡ ಕಣವ್ವ, ನುಂಗು! ಅಲ್ಲೇನು ಮೂಳೆ ಐತಾ?" ಎಂದು ತಾಯಕ್ಕ ನಕ್ಕ ನಗು ಬೀದಿಗೆ ಕೇಳಿಸಿತು. ನಮ್ಮ ಕಡೆ ಹೊಸಬರ ಎದುರಿಗೆ ಹಾಗೆ ನಗುವುದಿಲ್ಲ, ಹಿಂದಿನಿಂದ ನಗುತ್ತೇವೆ.

ಇಲ್ಲಿನ ಸಭೆ ಚಿಕ್ಕದು. ಚನ್ನಪಟ್ಟಣದ ರಸ್ತೆಯಲ್ಲಿ ಶೀಟು ಹೊದಿಸಿದ ಒಂದು ಪ್ರಾರ್ಥನಾಲಯ. ಊರಲ್ಲಾಗಲಿ ಇಲ್ಲಾಗಲಿ, ನನ್ನನ್ನು ಕಂಡ ಕೂಡಲೇ ವಿಶ್ವಾಸಿಗಳಿಗೆ ಒಂದೇ ಹುರುಪು: ಕಾಲಿನ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು. ಚಿಕ್ಕಂದಿನಿಂದ ಎಷ್ಟು ಸ್ವಸ್ಥತೆಯ ಕೂಟಗಳಿಗೆ ಅವ್ವ ಎತ್ತಿಕೊಂಡು ಹೋಗಿದ್ದಳೋ. ಎದ್ದು ನಡೆ ಎನ್ನುತ್ತಿದ್ದರು, ಎದ್ದು ಬೀಳುತ್ತಿದ್ದೆ. ವಿಶ್ವಾಸ ಸಾಲದು ಎಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆದರೂ ಕರ್ತನನ್ನು ಬಿಡಲು ಮನಸ್ಸು ಬರಲಿಲ್ಲ.

ಕೃಪಾ ಹುಟ್ಟಿದ್ದು ಇಲ್ಲಿಯೇ. ಎರಡೂ ಕಾಲನ್ನು ಒಟ್ಟಿಗೆ ಒದೆಯುತ್ತಿದ್ದಳು, ನೋಡಿದಷ್ಟೂ ನನಗೆ ಸಾಲದು. ಬಾಣಂತನ ಮುಗಿಸಿ ನಾನು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಅವಳು ತಾಯಕ್ಕನ ಮಡಿಲಲ್ಲಿ. ಈ ಕಡೆ ಹೆಣ್ಣುಕೂಸನ್ನೂ ಮಗ ಎಂದೇ ಕರೆಯುತ್ತಾರೆ. "ಬಾ ಮಗಾ" ಎಂದರೆ ಸಾಕು, ಬೊಚ್ಚುಬಾಯಿ ಬಿಟ್ಟು ಅವರ ಕಡೆ ವಾಲುತ್ತಿದ್ದಳು.

ಇನ್ನೂ ಅಂಬೆಗಾಲಿಡುವ ಮುಂಚೆ ಜ್ವರ ಬಂತು. ಎದೆಗೆ ಕಫ ಕಟ್ಟಿತು. ಆಸ್ಪತ್ರೆಯಿಂದ ಅವಳನ್ನು ಬಟ್ಟೆಯಲ್ಲಿ ಸುತ್ತಿ ತಂದೆವು. ಇದಕ್ಕಿಂತ ಹೆಚ್ಚಿಗೆ ಬರೆಯಲಾರೆ.

ಕ್ರೈಸ್ತರ ಸ್ಮಶಾನ ಊರಾಚೆ, ಬಂಡೆಯ ಓರೆಯಲ್ಲಿ. ನಮ್ಮ ಬೀದರಿನಲ್ಲಿ ಕೆಮ್ಮಣ್ಣಿನ ಬಯಲು, ಯಾರು ಬೇಕಾದರೂ ನಡೆದು ಹೋಗಬಹುದು. ಹೆಂಗಸರೂ ಹೋಗುತ್ತೇವೆ, ಎಲ್ಲರೂ ಹಿಡಿ ಮಣ್ಣು ಹಾಕುತ್ತೇವೆ. ಇಲ್ಲಿಯ ಕಲ್ಲಿನ ಹಾದಿಗೆ ನನ್ನ ಕಾಲು ಆಗದು. ಆ ವಾರ ಅಂಗೈ ಕೀವಾಗಿ ಬಟ್ಟೆ ಸುತ್ತಿತ್ತು, ಮೊಣಕಾಲು ಒತ್ತಲೂ ಆಗುತ್ತಿರಲಿಲ್ಲ. ಪುಟ್ಟ ಪೆಟ್ಟಿಗೆ ಯೇಶಪ್ಪನ ಕೈಯಲ್ಲಿತ್ತು. "ನೀವು ಇಲ್ಲೇ ಕೂತಿರಿ ಸಿಸ್ಟರ್, ಪ್ರಾರ್ಥನೆ ಕೇಳಿಸ್ತದೆ," ಎಂದು ಪಾಸ್ಟರ್ ಮೆತ್ತಗೆ ಹೇಳಿದರು. ಎಲ್ಲರೂ ಹತ್ತಿದರು. ಮಗಳ ಮೇಲೆ ಮಣ್ಣು ಹಾಕಲೂ ಆಗದ ತಾಯಿ ನಾನು ಎಂದು ಗಟ್ಟಿಯಾಗಿ ಅತ್ತೆ. ಆಮೇಲೆ ಕೂತಲ್ಲೇ ತೆವಳಲು ಶುರು ಮಾಡಿದೆ.

ತಾಯಕ್ಕನವರ ಜನದಲ್ಲಿ ಹೆಂಗಸರು ಸ್ಮಶಾನಕ್ಕೆ ಕಾಲಿಡುವುದಿಲ್ಲ. ಬೀದಿಯ ಕೊನೆಗೇ ನಿಂತುಬಿಡುತ್ತಾರೆ. ಅವರು ಅಲ್ಲಿಂದ ತಿರುಗಿ ಹೋಗಿರಬೇಕು ಎಂದುಕೊಂಡಿದ್ದೆ. ಹಿಂದೆ ಅವರ ಮೈದುನ ಕೂಗುವುದು ಕೇಳಿಸಿತು: "ಅತ್ಗೆ, ಅಲ್ಲಿಗೆ ಹೆಂಗುಸ್ರು ಓಗ್ತಾರಾ?"

"ಮಗ ಓಗೈತೆ, ತಾಯಿ ಓಗ್ಬಾರ್ದಾ?" ಎಂದರು ತಾಯಕ್ಕ.

ನನ್ನನ್ನು ಎಬ್ಬಿಸಿ ನಿಲ್ಲಿಸಿ, ನನ್ನ ಎಡಗೈಯನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಎತ್ತಿಕೊಳ್ಳುತ್ತಾರೇನೋ ಅಂದುಕೊಂಡೆ. ಇಲ್ಲ. ಬಗ್ಗಿ, ನನ್ನ ಬಲ ಮೊಣಕಾಲಿನ ಮೇಲೆ ತಮ್ಮ ಕೈಯಿಟ್ಟು ಒತ್ತಿದರು. "ಊಂ, ಎತ್ತಿಕ್ಕು. ನಾನಿವ್ನಿ." ನಾನು ಹೆಜ್ಜೆಯಿಟ್ಟೆ. ಮತ್ತೆ ಬಗ್ಗಿದರು, ಮತ್ತೆ ಒತ್ತಿದರು. ನಾನು ಹೇಗೆ ನಡೆಯುತ್ತೇನೆ ಎಂದು ಅವರು ಯಾವಾಗ ನೋಡಿ ಕಲಿತಿದ್ದರೋ! ಮೇಲೆ ಎಲ್ಲರೂ ನಮಗಾಗಿ ಕಾದು ನಿಂತರು. ಕಟ್ಟಿದ ಬಟ್ಟೆ ಬಿಚ್ಚಿ, ಕೀವಿನ ಕೈಯಿಂದಲೇ ನಾನು ಮಣ್ಣು ಹಾಕಿದೆ.

ಆಮೇಲೆ ಬಹಳ ದಿನ ಪ್ರಾರ್ಥನೆ ಮಾಡಲಿಲ್ಲ. ಕಾಲು ಕೊಡದಿದ್ದರೆ ಬೇಡ, ಕೊಟ್ಟ ಮಗಳನ್ನೂ ಕಿತ್ತುಕೊಂಡ ದೇವರ ಹತ್ತಿರ ನನಗೇನು ಮಾತು? ಚರ್ಚಿನಲ್ಲಿ ಒಬ್ಬಾಕೆ ಇದಕ್ಕೂ ವಿಶ್ವಾಸದ ಕೊರತೆಯೇ ಕಾರಣ ಎಂದಳು. ನಾನು ಅವಳಿಗೆ ಬೀದರಿನ ಭಾಷೆಯಲ್ಲಿ ಏನೆಂದೆ ಎಂದು ಇಲ್ಲಿ ಬರೆಯುವಂತಿಲ್ಲ. ಈಸ್ಟರಿನ ಮರುವಾರ ಪಾಸ್ಟರ್ ಓದಿದ ಭಾಗದಲ್ಲಿ, ಸಮಾಧಿಯಿಂದ ಎದ್ದು ಬಂದ ಯೇಸು ತನ್ನ ಕೈಗಳ ಗಾಯವನ್ನು ಶಿಷ್ಯನಿಗೆ ತೋರಿಸುತ್ತಾನೆ. ಎಷ್ಟೋ ಸಲ ಕೇಳಿದ ಕಥೆ. ಅಂದು ಮಾತ್ರ ಬಿಕ್ಕಿ ಬಿಕ್ಕಿ ಅತ್ತೆ. ಸಾವನ್ನೇ ಗೆದ್ದವನಿಗೆ ಆ ತೂತು ಮುಚ್ಚಿಕೊಳ್ಳುವುದು ಎಷ್ಟರ ಕೆಲಸ? ಮುಚ್ಚಿಕೊಳ್ಳಲಿಲ್ಲ. ಹಾಗೇ ಬಂದ. ಸುಲಿದ ಕೈಯವಳು ಅವನ ಹತ್ತಿರ ಕೂರಬಹುದು ಅನ್ನಿಸಿತು. ದುಃಖ ಹೋಯಿತೆಂದು ಯಾರೂ ತಿಳಿಯಬೇಡಿ. ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟು ಬಲ ಬಂತು, ಅಷ್ಟೆ. ಈಗಲೂ ದಿನಾ ಅದನ್ನೇ ಕೇಳಿ ಪಡೆಯುತ್ತೇನೆ.

ಅವ್ವ ಫೋನು ಮಾಡಿದಾಗಲೆಲ್ಲ, "ಹೊಳ್ಳಿ ಬಾ, ಅಲ್ಲಿ ನಿನಗ್ಯಾರ್ ಅದಾರ?" ಎನ್ನುತ್ತಾಳೆ. ಯೇಶಪ್ಪನಿಗೂ ಹೋಗುವ ಮನಸ್ಸಿದೆ. ನನಗೂ ಇದನ್ನು ಓದುವ ಬೀದರಿನ ನಿಮ್ಮೆಲ್ಲರ ನಡುವೆ ಕೂತು ರೊಟ್ಟಿ ತಿನ್ನುವ ಆಸೆ ಇಲ್ಲವೇ? ಇದೆ. ರಾತ್ರಿ ಕನಸು ಬಿದ್ದರೆ ನಮ್ಮ ಓಣಿಯದೇ. ಆದರೆ ಭಾನುವಾರ ಆರಾಧನೆ ಮುಗಿಸಿ, ಯೇಶಪ್ಪನ ಹೆಗಲು ಹಿಡಿದು ಆ ಕಲ್ಲಿನ ಹಾದಿಯ ಬುಡಕ್ಕೆ ಬಂದಾಗ, "ಒಸಿ ತಡಿ ಮಗಾ, ಬತ್ತೀನಿ," ಎಂದು ಮೇಲಕ್ಕೆ ಕೂಗಿ ಹೇಳುತ್ತೇನೆ. ಒಸಿ ಎಂದರೆ ಸ್ವಲ್ಪ. ನಮ್ಮ ಮಾತಿನಲ್ಲಿ ಹೇಳಲು ಭಯ ನನಗೆ. ಅವಳು ಹಗಲೆಲ್ಲ ಕೇಳಿದ್ದು ತಾಯಕ್ಕನ ಮಾತು. ಬೀದರಿನ ಮಾತಿನಲ್ಲಿ ಕರೆದರೆ, ಯಾರೋ ಬೇರೆಯವರು ಬಂದರೆಂದುಕೊಂಡಾಳು.